ನಾಯಿಗಾಗಿ ಆರಿಸಿದ ಕರ್ಪೂರ

ಪುಟ್ಟತಾಯಮ್ಮನಿಗೆ ನಾಯಿ ಕಂಡರೆ ಆಗದು. ಕರಿಯದಾಗಲಿ, ಕೆಂದನೆಯದಾಗಲಿ, ಮೈಮೇಲೆ ಹುಲಿಪಟ್ಟೆ ಇರುವುದಾಗಲಿ, ಹುಬ್ಬಿನ ಜಾಗದಲ್ಲಿ ಕಂದು ಬೊಟ್ಟಿಟ್ಟುಕೊಂಡು ನಾಲ್ಕು ಕಣ್ಣಿನದೆಂದು ಹೆಸರು ಪಡೆದದ್ದಾಗಲಿ, ಬಣ್ಣ ಯಾವುದಾದರೇನು, ಬಾಯಲ್ಲಿ ಸುರಿಯುವ ಜೊಲ್ಲು ಒಂದೇ, ಕಿವಿಯ ಸಂದಿಯ ಉಣ್ಣಿ ಒಂದೇ ಎಂಬುದು ಅವಳ ಮಾತು. ಹೊಳೆನರಸೀಪುರದಲ್ಲಿ ಹೊಳೆಗೆ ಹತ್ತಿರದ ಆ ದೊಡ್ಡ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ನಾಯಿಯನ್ನೂ ಅವಳು ಹೊಸ್ತಿಲು ದಾಟಗೊಟ್ಟಿರಲಿಲ್ಲ. ಅನ್ನದಲ್ಲಿ ಒಂದು ಕೂದಲು ಸಿಕ್ಕರೆ ಆ ಹೊತ್ತಿನ ಊಟವೇ ಅವಳಿಗೆ ಸೇರುತ್ತಿರಲಿಲ್ಲ.

ಅಂಥವಳ ಮನೆಗೆ ಗಂಡ ರಂಗಸ್ವಾಮಿಗೌಡರು ಜೋಡಿ ನಾಯಿ ತಂದರು. ಯುದ್ಧ ಶುರುವಾದ ವರ್ಷ ಅದು. ಮಂಜರಾಬಾದಿನ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ ದಂಡಿಗೆ ಹೊರಟು, ಬಂಗಲೆಯ ಸಾಮಾನನ್ನೆಲ್ಲ ಹರಾಜಿಗೆ ಹಾಕಿದ್ದ. ಗೌಡರು ಹೋದದ್ದು ಬೀರು ಕೊಳ್ಳುವುದಕ್ಕೆ. ಅಲ್ಲಿ ಸಾಲಾಗಿ ಕಟ್ಟಿದ್ದ ದೊರೆಯ ನಾಯಿಗಳನ್ನು ನೋಡಿದವರಿಗೆ ಬೀರು ಮರೆತೇ ಹೋಯಿತು. ಮನೆಗೆ ಬಂದ ಗೌಡರು ಜಗಲಿಯ ಮೇಲೆ ಕೂತು, ದಾಯಾದಿ ಸಣ್ಣಯ್ಯನಿಗೆ ಎತ್ತಿನ ಬಣ್ಣ ಹೇಳಿದ ಹಾಗೆ ನಾಯಿಯ ಬಣ್ಣ ಹೇಳಿದ್ದೇ ಹೇಳಿದ್ದು.

"ಒಂದಿತ್ತು ಕಣ್ಲಾ, ಮೈಯೆಲ್ಲ ತಾಮ್ರ. ಬಿಸ್ಲಲ್ಲಿ ನಿಂತ್ರೆ ಉಣಿಸೆಣ್ಣಾಕಿ ತೊಳ್ದ ಚೆಂಬು. ಇನ್ನೊಂದು ಅರ್ಧ ಕಪ್ಪು, ಅರ್ಧ ಬಿಳಿ, ಕಿವಿ ಮಾತ್ರ ಬೆಲ್ಲದ ಬಣ್ಣ. ಮತ್ತೊಂದ್ಕೆ ಬೂದಿ ಚೆಲ್ದಂಗೆ ನೀಲಿ ಮಚ್ಚೆ, ಒಂದು ಕಣ್ಣು ಕರೀದು, ಒಂದು ಕಣ್ಣು ಬಿಳೀದು. ಅವೆಲ್ಲ ಒಂದು ತೂಕ, ನಾನು ತಂದಿರೋವು ಒಂದು ತೂಕ."

ಅವರು ತಂದಿದ್ದು ಹಾಲಿನಂಥ ಮೈಮೇಲೆ ದುಂಡುದುಂಡಗೆ ಕರಿ ಚುಕ್ಕೆಗಳಿದ್ದ ಒಂದು ಗಂಡು, ಒಂದು ಹೆಣ್ಣು. ರಾಜ ಮತ್ತು ರಾಣಿ ಎಂದು ಹೆಸರಾಯಿತು. ನೋಡಲು ಬಂದವರೆಲ್ಲ ಬೆರಗಾದರು. ಪುಟ್ಟತಾಯಮ್ಮನಿಗೆ ಮಾತ್ರ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಬಿಳಿ ಬಟ್ಟೆಗೆ ಹಿಡಿಯುವ ಕರಿ ಬೂಷ್ಟು ನೆನಪಾಯಿತು. ರಾಣಿ ಓಡಿಬಂದು ಅವಳ ಪಾದ ನೆಕ್ಕಿದಾಗ ಅವಳು ನೇರವಾಗಿ ಬಚ್ಚಲಿಗೆ ಹೋದಳು.

ಗೌಡರಿಗೆ ದನದ ಪರೀಕ್ಷೆಯಲ್ಲಿ ದೊಡ್ಡ ಹೆಸರು. ಎಳೆಗರುವನ್ನು ನೋಡಿ ಇದು ಇಂಥ ಊರಿನ ಇಂಥ ಹೋರಿಯದು ಎಂದು ಹೇಳಿಬಿಡುತ್ತಿದ್ದರು. ಅರಕಲಗೂಡಿನವರೂ ಚನ್ನರಾಯಪಟ್ಟಣದವರೂ ಎತ್ತು ಕೊಳ್ಳುವ ಮೊದಲು ಇವರನ್ನು ಕೇಳಿಕೊಂಡು ಹೋಗುತ್ತಿದ್ದರು. ಅವರ ಮಾತಿಗೆ ಎದುರಾಡಿದವರೇ ಇಲ್ಲ. ಹಾಗಾಗಿ ಮರಿ ಹುಟ್ಟುವ ಮೊದಲೇ ಅಮಲ್ದಾರರಿಗೆ ಒಂದು, ಹಾಸನದ ಡಾಕ್ಟರಿಗೆ ಒಂದು ಎಂದು ಹಂಚಿಕೆಯೂ ಮುಗಿಯಿತು.

ರಾಣಿ ಬೆದೆಗೆ ಬಂದಾಗ ಊರಿನ ನಾಯಿಗಳೆಲ್ಲ ಹಿತ್ತಿಲ ಗೋಡೆಯ ಆಚೆ ಜಮಾಯಿಸಿದವು. ಗೌಡರು ರಾಜನನ್ನೂ ರಾಣಿಯನ್ನೂ ಹುಲ್ಲಿನ ಕೋಣೆಗೆ ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ಹೆಂಡತಿಗೆ ಕೊಟ್ಟರು.

"ಒಂದು ಇಲೀನೂ ಒಳೀಕ್ ಓಗ್ಬಾರ್ದು ನೋಡು. ಜವಾಬ್ದಾರಿ ನಿಂದು."

ಬೆದೆ ಇಳಿಯುವ ತನಕ ಪುಟ್ಟತಾಯಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ತಾನೇ ಅವಕ್ಕೆ ಮುದ್ದೆ ಹಾಕಿದಳು. ಬಾಗಿಲನ್ನು ಒಂದು ಮೊಳ ಸರಿಸಿ, ತಟ್ಟೆ ತಳ್ಳಿ, ಮತ್ತೆ ಬೀಗ ಹಾಕಿ, ಜಗ್ಗಿ ನೋಡಿ, ಆಮೇಲೆ ಸ್ನಾನ. ಹೇಸಿಗೆ ಪಟ್ಟಳೇ ಹೊರತು ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಅದು ಅವಳ ಸ್ವಭಾವದಲ್ಲೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರಾಣಿ ಮರಿ ಹಾಕಿತು. ಕೋಣೆಯ ತುಂಬ ರಕ್ತದ ವಾಸನೆ. ರಾಣಿ ಮಾಸನ್ನು ತಿಂದು ಮರಿಗಳನ್ನು ನೆಕ್ಕುತ್ತಿತ್ತು. ಪುಟ್ಟತಾಯಮ್ಮ ಓಕರಿಸುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು. ಸುದ್ದಿ ತಿಳಿದು ಗೌಡರು ಜಗಲಿಯಲ್ಲಿದ್ದವರನ್ನೆಲ್ಲ ಕರೆದುಕೊಂಡೇ ಬಂದರು. ಸಣ್ಣಯ್ಯನಿದ್ದ. ಶ್ರವಣಬೆಳಗೊಳದಿಂದ ಸಂತೆಗೆ ಬಂದಿದ್ದ ಪಾತ್ರೆ ವ್ಯಾಪಾರಿ ಬ್ರಹ್ಮದೇವಯ್ಯನೂ ಇದ್ದ. ಎಲ್ಲರೂ ಬಗ್ಗಿ ನೋಡಿದರು.

ಮರಿಗಳೆಲ್ಲ ಬೆಳ್ಳಗಿದ್ದವು. ತಲೆಯಿಂದ ಬಾಲದವರೆಗೆ ಎಲ್ಲೂ ಸಾಸಿವೆಯಷ್ಟು ಕಪ್ಪಿರಲಿಲ್ಲ.

ಸಣ್ಣಯ್ಯ ಮೀಸೆಯಲ್ಲೇ ನಕ್ಕು, "ಮಡಿವಾಳ್ರ ಕೇರೀಲಿ ಒಂದು ಬಿಳೀ ನಾಯಿ ಐತಲ್ವಾ ಗೌಡ್ರೆ," ಅಂದ.

ಗೌಡರು ರಾಣಿಯ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ನೋಡಿದರು. "ಬಾಗ್ಲು ಯಾವತ್ತು ಬಿಟ್ಟಿದ್ದೆ?"

"ಬಿಟ್ಟಿಲ್ಲ."

"ಸುಳ್ಳೇಳ್ಬ್ಯಾಡ."

"ನಾನ್ಯಾಕೆ ಸುಳ್ಳೇಳ್ಲಿ? ಬಿಟ್ಟಿಲ್ಲ."

"ಅಂಗಾರೆ ಕರ್ಪೂರ ಆರ್ಸು."

ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ, ಮನೆದೇವರ ಹೆಸರು ಹೇಳಿ, ಉರಿಯುವುದನ್ನು ಅಂಗೈಯಿಂದ ಬಡಿದು ಆರಿಸಿದರೆ ಅದು ಪ್ರಮಾಣ. ಸುಳ್ಳಾಡಿ ಆರಿಸಿದವರ ಮನೆಯ ದೀಪವೇ ಆರುತ್ತದೆ ಎಂದು ನಂಬಿದ ಜನ ಅವರು. ಗದ್ದೆಯ ಬದುವಿನ ಜಗಳಕ್ಕೋ, ಒಡವೆ ಕಳವಾದದ್ದಕ್ಕೋ ಆರಿಸಿದ್ದನ್ನು ಪುಟ್ಟತಾಯಮ್ಮ ಕೇಳಿದ್ದಳು. ನಾಯಿ ಯಾವ ನಾಯಿಯ ಜೊತೆ ಸೇರಿತು ಎಂಬುದಕ್ಕೆ ಮುತ್ತೈದೆಯೊಬ್ಬಳು ನಾಲ್ಕು ಗಂಡಸರ ಮುಂದೆ ಕರ್ಪೂರ ಆರಿಸಿದ್ದನ್ನು ಎಲ್ಲೂ ಕೇಳಿರಲಿಲ್ಲ. ಗಂಡ ತಮಾಷೆಗೆ ಅಂದಿರಬೇಕು, ಈಗ ಬೇಡ ಅನ್ನುತ್ತಾರೆ ಎಂದು ಅವಳು ಕಾದಳು. ಅವರು ಅನ್ನಲಿಲ್ಲ. ಕರ್ಪೂರ ತಂದದ್ದೂ ಆಯಿತು, ಹಚ್ಚಿದ್ದೂ ಆಯಿತು.

"ಈ ಕೋಣೆ ಬಾಗ್ಲ ನಾನು ಬಿಟ್ಟಿಲ್ಲ. ಬ್ಯಾರೆ ನಾಯಿ ಒಳೀಕ್ ಬಂದಿಲ್ಲ. ಮನೆದೇವ್ರಾಣೆ," ಎಂದು ಹೇಳಿ ಅಂಗೈ ಬಡಿದಳು. ಚರ್ಮ ಚುರುಗುಟ್ಟಿತು.

ಗೌಡರು ಮರಿಗಳ ಕಡೆ ಕೈ ತೋರಿಸಿ, "ನಿನ್ನ ಬಾಯಿ ಸುಳ್ಳಾಡ್ಬೌದು. ಬಣ್ಣ ಸುಳ್ಳಾಡ್ತದಾ?" ಅಂದರು.

ಅಲ್ಲಿಗೆ ತೀರ್ಪಾಯಿತು. ಕರ್ಪೂರ ಆರಿಸಿದ ಮೇಲೂ ಗಂಡನೇ ನಂಬದಿದ್ದರೆ ಊರು ಯಾಕೆ ನಂಬುತ್ತದೆ? ಆಳು ಹುಚ್ಚಯ್ಯನನ್ನು ಕರೆದು ಮರಿಗಳನ್ನು ಮಂಕರಿಗೆ ತುಂಬಿ ಹೊಳೆಗೆ ಹಾಕಲು ಹೇಳಿದರು. ಬ್ರಹ್ಮದೇವಯ್ಯ ಅಡ್ಡ ಬಂದ.

"ಗೌಡ್ರೆ, ನನಗೆ ಕೊಟ್ಟುಬಿಡಿ. ಬೆಳಗೊಳದಲ್ಲಿ ಸಾಕ್ಕೊಳ್ತೀನಿ. ಬಿಳಿ ಇದ್ದರೇನು, ಜೀವ ಅಲ್ವೆ?"

"ನಮ್ಮನೆ ಮಾನ ನಿಮ್ಮೂರ ಬೀದೀಲಿ ಅಲೀಬೇಕಾ? ಸುಮ್ಕಿರಿ."

ಬ್ರಹ್ಮದೇವಯ್ಯ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. "ಇನ್ನು ಈ ಮನೆಯ ನೀರು ನನಗೆ ಬೇಡ," ಎಂದು ಹೇಳಿ ಹೋದವನು ಮತ್ತೆ ಆ ಜಗಲಿ ಹತ್ತಲಿಲ್ಲ.

ಉಳಿದವರಿಗೆ ಕಾಫಿ ಬೇಕಾಯಿತು. ಪುಟ್ಟತಾಯಮ್ಮ ಒಳಗೆ ಕಾಫಿ ಕಾಸುತ್ತಿದ್ದಾಗ ಜಗಲಿಯ ಮಾತೆಲ್ಲ ಕಿವಿಗೆ ಬೀಳುತ್ತಿತ್ತು. ರಾಣಿ ಹೇಗೆ ನುಸುಳಿರಬೇಕು, ಆ ಬಿಳಿ ನಾಯಿ ಎಲ್ಲಿ ಕಾದಿರಬೇಕು, ಬೆದೆ ಬಂದ ಹೆಣ್ಣಿಗೆ ಯಾವ ಬೀಗ ತಡೆದೀತು ಎಂದು ಒಬ್ಬ ಶುರುಮಾಡಿದರೆ ಇನ್ನೊಬ್ಬ ಉಪ್ಪುಖಾರ ಹಚ್ಚುತ್ತಿದ್ದ. ಮೊಮ್ಮಕ್ಕಳಿದ್ದ ಗಂಡಸರು ಬಾಯಿ ಚಪ್ಪರಿಸಿಕೊಂಡು ಆಡುತ್ತಿದ್ದ ಮಾತು ಅದು. ನಡುವೆ ಒಂದೆರಡು ಸಲ ಅವರು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು, ಆಮೇಲೆ ನಕ್ಕರು. ಗೌಡರೂ ನಕ್ಕರು. ನಾಯಿಯ ಬಾಯಲ್ಲಿ ಮಾಸು ನೋಡಿದಾಗ ಬಂದ ಓಕರಿಕೆ ಇದರ ಮುಂದೆ ಏನೂ ಅಲ್ಲ ಅನಿಸಿತು ಅವಳಿಗೆ. ಕಾಫಿಯನ್ನು ಹುಚ್ಚಯ್ಯನ ಹೆಂಡತಿಯ ಕೈಲಿ ಕಳಿಸಿದಳು.

ಮಧ್ಯಾಹ್ನ ಕೋಣೆ ಗುಡಿಸಲು ಹೋದಾಗ ಹುಲ್ಲಿನ ಅಡಿಯಲ್ಲಿ ಏನೋ ಮಿಸುಕಿತು. ಒಂದು ಮರಿ ಉಳಿದುಬಿಟ್ಟಿತ್ತು. ಕಣ್ಣು ಮುಚ್ಚಿಕೊಂಡಿತ್ತು, ಹೊಟ್ಟೆ ಕೆಂಪಗಿತ್ತು, ಮೈಯೆಲ್ಲ ಲೋಳೆ. ಕೈಲಿ ಹಿಡಿಯಲು ಅವಳಿಗೆ ಸಾಕುಬೇಕಾಯಿತು. ಗಂಡನನ್ನು ಕೂಗಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಇದನ್ನು ಮುಟ್ಟುವುದು ಹೇಸಿಗೆ, ನಿಜ. ಆದರೆ ಇದನ್ನು ಒಯ್ದು ಆ ಕೈಗೆ ಕೊಡುವುದು ಇನ್ನೂ ಹೇಸಿಗೆ. ಮರಿಯನ್ನು ರಾಣಿಯ ಮೊಲೆಗೆ ಹಚ್ಚಿ ಬಾಗಿಲು ಹಾಕಿಕೊಂಡು ಬಂದಳು.

ಗೌಡರು ರಾಣಿಯ ಮುಖ ನೋಡುವುದಿಲ್ಲವೆಂದು ಶಪಥ ಮಾಡಿದ್ದರಿಂದ ಆ ಕೋಣೆಯ ಕಡೆ ಸುಳಿಯಲಿಲ್ಲ. ಅದಕ್ಕೆ ಹಾಲು ಬೇಡ, ಬಾಡು ಬೇಡ, ತಂಗಳೇ ಸಾಕು ಎಂದು ಅಪ್ಪಣೆಯಾಗಿತ್ತು. ಪುಟ್ಟತಾಯಮ್ಮ ಮೂಗಿಗೆ ಸೆರಗು ಹಿಡಿದುಕೊಂಡೇ ಬಿಸಿ ಮುದ್ದೆಗೆ ಮಜ್ಜಿಗೆ ಕಲಸಿ ಕದ್ದು ಹಾಕುತ್ತಿದ್ದಳು. ಇಲ್ಲದಿದ್ದರೆ ಮರಿಗೆ ಹಾಲೆಲ್ಲಿಂದ ಬರಬೇಕು?

ಅಷ್ಟರಲ್ಲಿ ಸಣ್ಣಯ್ಯನ ಮಗಳ ಮದುವೆ ಗೊತ್ತಾಯಿತು. ಆ ವಂಶದಲ್ಲಿ ಯಾರ ಮದುವೆಯಾದರೂ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮೊದಲ ಒನಕೆ ಹಿಡಿಯುವವಳು ಪುಟ್ಟತಾಯಮ್ಮನೇ. ದೊಡ್ಡ ಮನೆಯ ಹಿರಿಯ ಸೊಸೆ, ಕೈಗುಣ ಒಳ್ಳೆಯದು ಎಂದು ಕರೆಯುತ್ತಿದ್ದರು. ಈ ಸಲ ಸಣ್ಣಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ ಬಂದು ಒಳಗೆ ಕೂರದೆ ಬಾಗಿಲಲ್ಲೇ ನಿಂತಳು.

"ಬ್ಯಾಸರ ಮಾಡ್ಕಬ್ಯಾಡ ಕಣಕ್ಕಯ್ಯ. ಸುಳ್ಳು ಕರ್ಪೂರ ಆರ್ಸಿದ ಕೈ ಅಂತ ಬೀಗ್ರ ಕಡೆಯೋರು ಅಂತವ್ರೆ. ಮಗಳ ಬಾಳಿನ ಇಚಾರ. ಈ ಸಲ ನೀನು ಬರ್ಬ್ಯಾಡ."

ಪುಟ್ಟತಾಯಮ್ಮ ಹೂಂ ಅಂದಳು. ಚಿಕ್ಕಲಕ್ಷ್ಮಮ್ಮ ಹೋದ ಮೇಲೆ ಬಚ್ಚಲ ಒಲೆಯ ಮುಂದೆ ಕೂತು ಅತ್ತಳು. ಇಷ್ಟು ವರ್ಷ ಬಾಳಿದ್ದಕ್ಕೆ ಅವಳಿಗೆ ಇದ್ದದ್ದು ಅದೊಂದೇ: ಪುಟ್ಟತಾಯಮ್ಮ ಹೇಳಿದಳು ಎಂದರೆ ಅದು ನಿಜ ಎನ್ನುವ ಮಾತು. ಅದು ಈಗ ಒಂದು ನಾಯಿಯ ಹೆಸರಿನಲ್ಲಿ ಹೋಯಿತು.

ಮರಿ ಕಣ್ಣು ಬಿಟ್ಟಿತು. ಒಂದು ದಿನ ಅದರ ಬೆನ್ನಿನ ಮೇಲೆ ಮಸಿ ಮೆತ್ತಿದಂತೆ ಕಂಡಿತು. ಎಲ್ಲೋ ಹೊರಳಿದೆ ಎಂದುಕೊಂಡು ಅವಳು ಒದ್ದೆ ಬಟ್ಟೆಯಿಂದ ಒರೆಸಿದಳು, ಹೋಗಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದಳು, ಹೋಗಲಿಲ್ಲ. ಹುಳುಕಡ್ಡಿಯೋ ತುರಿಯೋ ಅಂಟಿರಬೇಕೆಂದು ಅಸಹ್ಯಪಟ್ಟು ಕೈ ತೊಳೆದುಕೊಂಡಳು. ಮಾರನೆಯ ದಿನ ಕಿವಿಯ ಮೇಲೂ ಬಂದಿತ್ತು, ತೊಡೆಯ ಮೇಲೂ ಬಂದಿತ್ತು. ಬೆಳಕಿಂಡಿಯ ಹತ್ತಿರ ಎತ್ತಿ ಹಿಡಿದು ಕೂದಲು ಬಿಡಿಸಿ ನೋಡಿದಳು. ಕೊಳೆಯಲ್ಲ, ರೋಗವಲ್ಲ. ಕೂದಲೇ ಕರ್ರಗೆ ಹುಟ್ಟುತ್ತಿತ್ತು. ಈ ಜಾತಿಯ ನಾಯಿ ಹುಟ್ಟುವುದೇ ಬೆಳ್ಳಗೆ, ಚುಕ್ಕೆ ಬರುವುದು ಆಮೇಲೆ. ದನ ನೋಡುವ ಕಣ್ಣಿನಿಂದ ನಾಯಿಯನ್ನು ನೋಡಿದ ಗಂಡಸಿಗೆ ಅದು ಗೊತ್ತಿರಲಿಲ್ಲ, ಕೇಳಿ ತಿಳಿಯುವಷ್ಟು ತಾಳ್ಮೆಯೂ ಇರಲಿಲ್ಲ. ಅವಳ ಕರ್ಪೂರ ಸುಳ್ಳಾಗಿರಲಿಲ್ಲ.

ಚುಕ್ಕೆಗಳು ಚೆನ್ನಾಗಿ ಮೂಡುವ ತನಕ ಕಾದು, ಒಂದು ಸಂತೆಯ ದಿನ, ಜಗಲಿ ತುಂಬಿದ್ದಾಗ, ಅವಳು ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಹೋಗಿ ಗಂಡನ ಮುಂದೆ ನೆಲಕ್ಕೆ ಬಿಟ್ಟಳು.

"ಅವತ್ತಿನ ಮರೀನೇ ಇದು. ಉಲ್ಲಡೀಲಿ ಉಳ್ಕಂಡಿತ್ತು. ನೋಡ್ಕಳಿ."

ಗೌಡರು ನೋಡಿದರು. ಎತ್ತಿಕೊಂಡರು. ಹೊಟ್ಟೆ ತಿರುಗಿಸಿ, ಕಿವಿ ಎತ್ತಿ, ಬಾಲದ ಬುಡದವರೆಗೆ ಪರೀಕ್ಷೆ ಮಾಡಿದರು. ಸಣ್ಣಯ್ಯನೂ ಬಗ್ಗಿ ನೋಡಿ ಹಿಂದೆ ಸರಿದ. ಗೌಡರ ಮುಖ ಅರಳಿತು. ಮರಿಯನ್ನು ಎದೆಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದರು. ಜನವೆಲ್ಲ ಹಿಂದೆಯೇ ಹೋಯಿತು. ಅಲ್ಲಿ ಹುಲ್ಲಿನ ಕೋಣೆಯಲ್ಲಿ, ಸೊರಗಿ ಮೂಳೆ ಬಿಟ್ಟುಕೊಂಡಿದ್ದ ರಾಣಿಯ ಮುಂದೆ ಮಂಡಿಯೂರಿ ಕೂತು, ಅದರ ಮುಂಗಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

"ತಪ್ಪಾಯ್ತು ಕಣವ್ವ. ನಿನ್ ಮ್ಯಾಲೆ ಅನುಮಾನ ಪಟ್ಬುಟ್ಟೆ. ನೀನು ಚಿನ್ನ. ನನ್ ಕಣ್ಣಿಗೆ ಮಣ್ಣು ಬಿದ್ದಿತ್ತು."

ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ನೋಡಿದವರ ಮನಸ್ಸೂ ಕರಗಿತು. ರಾಣಿ ಅವರ ಮುಖವನ್ನು ನೆಕ್ಕಿತು.

ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ಕಾದಳು. ನಾಯಿಯದು ಮುಗಿದ ಮೇಲೆ ತನ್ನದು ಬರುತ್ತದೆ ಎಂದೇ ಕಾದಳು. ಗೌಡರು ಮುಖ ಒರೆಸಿಕೊಂಡು ಎದ್ದು ಅವಳ ಕಡೆ ತಿರುಗಿದರು.

"ಏನ್ ನಿಂತ್ಕಂಡ್ ನೋಡ್ತಿದ್ದೀಯ? ಬಿಸಿ ಆಲು ತತ್ತಾ ಅದ್ಕೆ. ಎಂಗಾಗೋಗೈತೆ ನೋಡು. ಚುಕ್ಕೆ ಬತ್ತವೆ ಅಂತ ಮೊದ್ಲೇ ಏಳ್ಬಾರ್ದಿತ್ತಾ, ಉಳ್ದವೂ ಇರ್ತಿದ್ವು. ಅಮಲ್ದಾರ್ರಿಗೆ ಏನಂತ ಏಳ್ಲಿ ಈಗ?"

ಅವಳು ಹಾಲು ತಂದಿಟ್ಟಳು. ಮಧ್ಯಾಹ್ನ ಅಡಿಗೆಯನ್ನೂ ಮಾಡಿ ಬಡಿಸಿದಳು. ಗೌಡರು ಗಂಗಳದ ಮುಂದೆ ಕೂತು ಸೊಂಪಾಗಿ ಉಣ್ಣುತ್ತಿದ್ದರು. ಮೀಸೆಯ ತುದಿಗೆ ಸಾರು ಹತ್ತಿತ್ತು. ಅದನ್ನು ನೋಡಬಾರದೆಂದುಕೊಂಡರೂ ಅವಳ ಕಣ್ಣು ಅಲ್ಲೇ ಹೋಗುತ್ತಿತ್ತು.

"ಇನ್ನೊಂಚೂರು ಬುಡು," ಎಂದು ಗಂಗಳ ಮುಂದೆ ತಳ್ಳಿ, ಗೌಡರು ಉದಾರವಾಗಿ ಹೇಳಿದರು. "ಸಣ್ಣಯ್ಯನಿಗೆ ಏಳಿವ್ನಿ. ನಾಳೀಕೆ ಅರಿಶ್ನ ಕುಟ್ಟಾಕೆ ನಿನ್ನೇ ಮೊದ್ಲು ಕರೀತಾರೆ. ಸಮಾಧಾನಾಯ್ತಾ? ಓಗ್ಬಾ."

ಪುಟ್ಟತಾಯಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ನಾನ್ ಓಗಾಕಿಲ್ಲ."

"ಯಾಕಮ್ಮಿ? ಈಗ ಯಾರೂ ಏನೂ ಅನ್ನಾಕಿಲ್ಲ."

"ಅದು ಮುತ್ತೈದೇರು ಕೂರೋ ಜಾಗ. ನಿಮ್ಮ ಎಂಡ್ತಿ ಅಂತ ಏಳ್ಕಂಡು ಅಲ್ಲಿ ಕೂರಾಕೆ ನಂಗೆ ಅಸಯ್ಯ ಆಯ್ತದೆ."

ಗೌಡರ ಕೈ ಗಂಗಳದಲ್ಲೇ ನಿಂತಿತು. ಅವಳು ಸಾರಿನ ಪಾತ್ರೆಯನ್ನು ಅವರ ಮುಂದಿಟ್ಟು, ಬೇಕಾದಷ್ಟು ಹಾಕಿಕೊಳ್ಳಲಿ ಎಂದು ಎದ್ದುಹೋದಳು.