ತಾಯಪ್ಪನ ಕಫ, ಹಂಪಯ್ಯನ ಹೆಸರು

ಮಾನ್ವಿಯ ಅಕ್ಕಿ ಗಿರಣಿಗಳ ಓಣಿಯಲ್ಲಿ ಕೆಮ್ಮದವನು ಯಾರಾದರೂ ಕಂಡರೆ ಅವನು ಪರವೂರಿನವನೆಂದು ತಿಳಿಯಬೇಕು. ಭತ್ತದ ಧೂಳು, ಹೊಟ್ಟಿನ ಧೂಳು, ತೌಡಿನ ಧೂಳು. ಗಿರಣಿಯು ಅಕ್ಕಿಯನ್ನು ಮಾಲೀಕನಿಗೆ ಕೊಟ್ಟು, ಉಳಿದದ್ದನ್ನು ಆಳುಗಳ ಎದೆಗೆ ಕೊಡುತ್ತಿತ್ತು. ಅದಕ್ಕೆ ಆಳುಗಳಲ್ಲೊಂದು ಪದ್ಧತಿ. ಸಂಜೆ ಗಿರಣಿ ನಿಂತ ಮೇಲೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು. ಬೆಲ್ಲ ತಿಂದರೆ ಧೂಳು ಇಳಿಯುತ್ತದೆಂದು ನಂಬಿಕೆ. ಧೂಳು ಇಳಿಯುತ್ತಿತ್ತೋ ಇಲ್ಲವೋ, ಬೆಲ್ಲವಂತೂ ಇಳಿಯುತ್ತಿತ್ತು.

ತೌಡಿನ ಕೋಣೆಯಲ್ಲಿ ದುಡಿಯುವ ಹಂಪಯ್ಯನ ಕೆಮ್ಮು ಮಾತ್ರ ಬೆಲ್ಲಕ್ಕೆ ಕರಗಲಿಲ್ಲ. ದೀಪಾವಳಿಗೆ ಹತ್ತಿದ್ದು ಎಳ್ಳಮಾವಾಸ್ಯೆ ಬಂದರೂ ಬಿಟ್ಟಿರಲಿಲ್ಲ. ಸಂಜೆಯಾದರೆ ಮೈ ಬೆಚ್ಚಗೆ. ಅಂಗಿ ದೊಡ್ಡದಾದಂತೆ ಕಾಣುತ್ತಿತ್ತು. ಅಂಗಿ ಇದ್ದಷ್ಟೇ ಇತ್ತು, ಒಳಗಿನ ಹಂಪಯ್ಯ ಸಣ್ಣಗಾಗಿದ್ದ.

ಅದೇ ಓಣಿಯಲ್ಲಿ ಸರ್ವರಿ ಬೇಗಂ ಇದ್ದಳು. ಸರಕಾರಿ ಆರೋಗ್ಯ ಕೇಂದ್ರದ ನರ್ಸು. ಒಂದು ಮುಂಜಾನೆ ಹಂಪಯ್ಯನ ತಾಯಿ ಮೂಕಮ್ಮನನ್ನು ಹಿಡಿದು ನಿಲ್ಲಿಸಿದಳು.

"ಯವ್ವಾ ಮೂಕಮ್ಮ, ನಿನ್ನ ಮಗ ಕೆಮ್ಮಿದ್ರ ನಮ್ಮ ಮನಿ ಗೋಡೀಗೂ ಎಚ್ಚರ ಆಗ್ತದ. ಏನು ಮಾಡಾಕತ್ತೀರಿ?"

"ಗಿರಣಿ ಕೆಮ್ಮವ್ವ ಅದು. ಬೆಲ್ಲ ಕೊಡಾಕತ್ತೀನಿ."

"ಬೆಲ್ಲಕ್ಕ ಹೋಗೋದಿದ್ರ ನಾ ಸೂಜಿ ಬಿಟ್ಟು ಕಿರಾಣಿ ಅಂಗಡಿ ಇಡ್ತಿದ್ದೆ. ಎರಡು ಮೂರು ವಾರ ದಾಟಿದ ಕೆಮ್ಮು ಧೂಳಿಂದಾ, ಟಿ.ಬಿ.ದಾ ಅಂತ ನೋಡಿಸಬೇಕು."

ಟಿ.ಬಿ. ಎಂದದ್ದೇ ಮೂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆ ಹೆಸರೇ ಹಾರಿ ಬಂದು ಹತ್ತುತ್ತದೋ ಎಂಬಂತೆ. ಒಳಗಿದ್ದ ಹಂಪಯ್ಯ ಹೊರಗೆ ಬಂದ.

"ಆಪಾ, ನೋಡಿಸಾಕ ರಾಯಚೂರಿತನಾ ಹೋಗಾಕ ನನಗ ಪುರಸೊತ್ತಿಲ್ಲ. ಗಿರಣಿ ಬಿಟ್ರ ಮುಕ್ಕದ್ದಮ ಸುಮ್ಮನಿರಂಗಿಲ್ಲ."

"ನಿನಗ ಯಾರು ಹೋಗಂದ್ರು? ನಿನ್ನ ಕಫ ಹೋಗ್ತದ." ಸರ್ವರಿ ಬೇಗಂ ಚೀಲದಿಂದ ಮುಚ್ಚಳದ ಡಬ್ಬಿ ತೆಗೆದಳು. "ಮುಂಜಾನಿ ಎದ್ದಕೂಡಲೇ, ಏನೂ ತಿನ್ನದ, ಎದಿಯಾಗಿಂದ ಕೆಮ್ಮಿ ಇದರಾಗ ತೆಗೀ. ಬಾಯಾಗಿನ ಎಂಜಲ ನಡೆಯಂಗಿಲ್ಲ. ನಾವು ಇಲ್ಲೇ ಗಾಜಿನ ಪಟ್ಟಿಗಿ ಸವರಿ, ಒಣಗಿಸಿ, ಬೆಂಕಿಗಿ ಹಿಡದು, ಕಟಗಿ ಪೆಟಗಿಯಾಗ ಇಟ್ಟು ರಾಯಚೂರ ದವಾಖಾನಿಗಿ ಬಸ್ಸಿನಾಗ ಕಳಸ್ತೀವಿ. ದೇವದುರ್ಗದ ಪೆಟಗೀನೂ ಅಲ್ಲಿಗೇ ಬರ್ತದ. ಎರಡೂ ಕಡಿಯವರದ್ದು ಒಂದೇ ಯಂತ್ರದಾಗ ನೋಡ್ತಾರ."

"ಅಷ್ಟು ದೂರ ಕುಂತವರಿಗಿ ನನ್ನ ಎದಿಯಾಗಿಂದು ಹ್ಯಾಂಗ ಕಾಣ್ತದರಿ? ದುರ್ಬೀನು ಹಚ್ತಾರೇನು?"

"ದುರ್ಬೀನು ದೂರದ್ದು ನೋಡ್ತದ, ಖುರ್ದ್‌ಬೀನು ಸಣ್ಣದ್ದು ನೋಡ್ತದ. ನಮ್ಮದು ಎರಡೂ ಮಾಡ್ತದ. ದೂರ ಕುಂತು ಸಣ್ಣದ್ದು ನೋಡ್ತದ!"

ಹಂಪಯ್ಯನ ಹೆಂಡತಿ ಬಸ್ಸಮ್ಮ ನಕ್ಕು ಡಬ್ಬಿ ಇಸಿದುಕೊಂಡಳು. ಹಂಪಯ್ಯ ನಗಲಿಲ್ಲ. ಅವನಿಗೆ ರೋಗದ ಜಂತುವಿಗಿಂತ ಆಳುಗಳ ಮೇಲ್ವಿಚಾರಕನಾದ ಮುಕ್ಕದ್ದಮನ ಭಯ. ಟಿ.ಬಿ. ಎಂದು ಗೊತ್ತಾದರೆ ಗಿರಣಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಓಣಿಯವರು ನೀರಿನ ಕೊಡ ದೂರ ಸರಿಸುತ್ತಾರೆ.

ಮರುದಿನ ನಸುಕಿನಲ್ಲಿ ಅವನು ಡಬ್ಬಿ ಹಿಡಿದು ಗಿರಣಿಯ ಹಿಂದಿನ ಹೊಟ್ಟಿನ ರಾಶಿಗೆ ಹೋದ. ಅಲ್ಲಿ ಗೆಳೆಯ ತಾಯಪ್ಪ ಬೀಡಿ ಸೇದುತ್ತ ನಿಂತಿದ್ದ. ತಾಯಪ್ಪ ಅದೇ ತೌಡಿನ ಕೋಣೆಯವನು, ಎತ್ತಿನಂಥ ಆಳು. ಎರಡು ಚೀಲ ಒಟ್ಟಿಗೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಅವನೂ ಕೆಮ್ಮುತ್ತಿದ್ದ, ಆದರೆ ಎತ್ತು ಕೆಮ್ಮಿದರೆ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

"ಲೇ ತಾಯಪ್ಪ, ಒಂದು ಉಪಕಾರ ಆಗಬೇಕು. ಈ ಡಬ್ಬಿಯಾಗ ಉಗಳು."

"ಯಾಕಲೇ, ನನ್ನ ಉಗಳಿಗಿ ಇಷ್ಟು ಮರ್ಯಾದಿ ಯಾವಾಗಿಂದ ಬಂತು?"

ಹಂಪಯ್ಯ ಎಲ್ಲ ಹೇಳಿದ. ತಾಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೆಮ್ಮಾಯಿತು.

"ಬಾಯಾಗಿಂದು ನಡೆಯಂಗಿಲ್ಲಂತ," ಎಂದ ಹಂಪಯ್ಯ. "ಎದಿಯಾಗಿಂದೇ ಬೇಕಂತ."

"ಗೆಳ್ಯಾನ ಸಲುವಾಗಿ ಎದಿ ಬಗದು ಕೊಡ್ತೀನಿ, ಹಿಡಿ!"

ಡಬ್ಬಿ ಸರ್ವರಿ ಬೇಗಂ ಕೈ ಸೇರಿತು. ಅದರೊಳಗಿನದು ಗಾಜಿನ ಪಟ್ಟಿಯೇರಿತು, ಪಟ್ಟಿ ಬಸ್ಸೇರಿತು. ಟಿಕೆಟ್ಟಿಲ್ಲದೆ ಹಂಪಯ್ಯನ ಹೆಸರಿನಲ್ಲಿ ತಾಯಪ್ಪನ ಕಫ ರಾಯಚೂರು ಕಂಡಿತು.

ವಾರದೊಳಗೆ ರಾಯಚೂರಿನಿಂದ ಫೋನು ಬಂತು. ಸರ್ವರಿ ಬೇಗಂ ಹಂಪಯ್ಯನ ಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಹಂಪಯ್ಯ, ಹೆದರಬ್ಯಾಡ. ಪಟ್ಟಿಯಾಗ ಜಂತು ಕಂಡಾವ. ಟಿ.ಬಿ. ಅದ. ಆದ್ರ ಗುಣ ಆಗೋ ಜಡ್ಡು ಇದು. ನಾಳಿಂದ ಸೂಜಿ, ಗುಳಿಗಿ ಚಾಲೂ ಮಾಡೋಣು."

ಮೂಕಮ್ಮ ಗೋಡೆಗೊರಗಿ ಅಳತೊಡಗಿದಳು. ಬಸ್ಸಮ್ಮ ಗಂಡನ ಕೈ ಹಿಡಿದಳು. ಹಂಪಯ್ಯನಿಗೆ ಮಾತ್ರ ನಗು ಬರುವಂತಾಯಿತು. ನಂದಲ್ಲ! ಆ ಜಂತು ನಂದಲ್ಲ!

ಮರುಕ್ಷಣವೇ ಇನ್ನೊಂದು ಹೊಳೆಯಿತು. ತನ್ನದಲ್ಲ ನಿಜ. ಹಾಗಾದರೆ ಯಾರದು?

ಅವನು ಅವತ್ತು ಬಾಯಿ ಬಿಡಲಿಲ್ಲ. ಸೂಜಿಗೂ ಹೋಗಲಿಲ್ಲ. ಮರುದಿನ ತೌಡಿನ ಕೋಣೆಯಲ್ಲಿ ಚೀಲ ಹೊತ್ತ ತಾಯಪ್ಪ ಕಣ್ಣು ಹೊಡೆದು ಕೇಳಿದ:

"ಏನಲೇ, ನಮ್ಮ ಉಗಳು ಪಾಸಾತೇನು?"

ಪಾಸಾತು ಎಂದಿದ್ದರೆ ಸಾಕಿತ್ತು. ಇಬ್ಬರೂ ನಕ್ಕು ಚೀಲ ಹೊರುತ್ತಿದ್ದರು. ಆದರೆ ಆ ಕೋಣೆಗೆ ಕಿಟಕಿ ಇರಲಿಲ್ಲ. ಒಬ್ಬ ಕೆಮ್ಮಿದ ಗಾಳಿಯನ್ನೇ ಇನ್ನೊಬ್ಬ ಉಸಿರಾಡಬೇಕು. ತಾಯಪ್ಪನ ಹೆಂಡತಿ ಪಕೀರಮ್ಮ ತುಂಬಿದ ಬಸುರಿ. ಆ ಗಾಳಿಯೇ ಅವಳ ಮನೆಗೂ ಹೋಗುತ್ತಿತ್ತು. ಹಂಪಯ್ಯ ನಾಲಿಗೆಗೆ ಬಂದ ಸುಳ್ಳನ್ನು ನುಂಗಿದ.

"ಫೇಲಾತು."

"ಅಯ್ಯ, ಪಾಪಲೇ ಹಂಪ್ಯಾ! ಜಡ್ಡು ಬಂತೇನು ನಿನಗ?"

"ನನ್ನದು ಎಲ್ಲಿ ಕೊಟ್ಟೀನಲೇ? ಅದು ನಿಂದು."

ತಾಯಪ್ಪ ಚೀಲ ಇಳಿಸಿದ. ಅದರ ಮೇಲೇ ಕುಳಿತ. ಆಮೇಲೆ ಎದ್ದು ಹಂಪಯ್ಯನ ಅಂಗಿ ಹಿಡಿದ. "ನೀ ನನ್ನ ಯಾಕ ಕೇಳಿದಿ? ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು? ನನಗ ಏನೂ ಗೊತ್ತಿರದ ಆರಾಮ ಇದ್ದೆ!"

"ಆರಾಮ ಇದ್ದಿಲ್ಲ, ತಾಯಪ್ಪ. ಗೊತ್ತಿದ್ದಿಲ್ಲ ಅಷ್ಟ."

ತಾಯಪ್ಪನ ಹಿಡಿ ಸಡಿಲಾಯಿತು. "ಪಕೀರಿ ಬಸುರಿ ಅದಾಳಲೇ," ಎಂದ. ಅಷ್ಟು ದೊಡ್ಡ ಆಳಿನ ದನಿ ಅಷ್ಟು ಸಣ್ಣದಾದದ್ದನ್ನು ಹಂಪಯ್ಯ ಎಂದೂ ಕೇಳಿರಲಿಲ್ಲ. "ನಡಿ," ಎಂದು ತಾಯಪ್ಪನ ಹೆಗಲು ಹಿಡಿದ. ಚೀಲ ಅಲ್ಲೇ ಬಿಟ್ಟು ಇಬ್ಬರೂ ಆರೋಗ್ಯ ಕೇಂದ್ರಕ್ಕೆ ನಡೆದರು.

ಸರ್ವರಿ ಬೇಗಂ ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತಳು. "ಯಾ ಅಲ್ಲಾ! ಬ್ಯಾರೆದವರ ಹೆಸರಿಲೆ ಓಟು ಹಾಕೋದು ಕೇಳಿದ್ದೆ. ಬ್ಯಾರೆದವರ ಹೆಸರಿಲೆ ಉಗಳೋದು ನಿಮ್ಮ ಗಿರಣಿಯಾಗೇ ನೋಡಿದೆ!" ಬೈದದ್ದು ಅಷ್ಟೇ. ಬಳಿಕ ತಾಯಪ್ಪನ ಮುಂದೆ ಕುರ್ಚಿ ಸರಿಸಿದಳು. "ಕುಂಡ್ರಪ್ಪ. ಸೂಜಿ ಇವತ್ತಿಂದಲೇ. ಔಷಧಿ ಚಾಲೂ ಆದ ಮ್ಯಾಲ ಕೆಲವು ವಾರದಾಗ ಇನ್ನೊಬ್ಬರಿಗಿ ಹತ್ತೋ ಅಂಜಿಕಿ ಬಾಳ ಕಮ್ಮಿ ಆಗ್ತದ. ಅಲ್ಲಿತನಾ ಕೆಮ್ಮೋವಾಗ ಟವಲು ಅಡ್ಡ ಹಿಡಿ, ಅಂಗಳದಾಗ ಮಲಕೋ. ಪಕೀರಮ್ಮನ್ನೂ ಕರಕೊಂಡು ಬಾ, ನೋಡ್ತೀವಿ."

ಹಂಪಯ್ಯ ತಾನಾಗಿ ಕೈ ಚಾಚಿದ. "ಆಪಾ, ನನಗೊಂದು ಡಬ್ಬಿ ಕೊಡ್ರಿ. ಈ ಸಲ ನಂದೇ."

ಅವನ ಪಟ್ಟಿಯಲ್ಲೂ ಜಂತು ಕಂಡಿತು. ಈ ಸಲ ಮೂಕಮ್ಮ ಅಳಲಿಲ್ಲ. ಗುಳಿಗೆಯನ್ನೂ ನೀರನ್ನೂ ತಾನೇ ಹಿಡಿದು ಮಗನ ಮುಂದೆ ನಿಂತಳು, ನುಂಗಿದ ಮೇಲೆ ಬಾಯಿ ತೆರೆಸಿ ನೋಡಿದಳು.

ಮುಕ್ಕದ್ದಮನ ಮುಂದೆ ಮಾತಾಡಲು ಸರ್ವರಿ ಬೇಗಂ ತಾನೇ ಗಿರಣಿಗೆ ಹೋದಳು. ಆಳುಗಳಿಬ್ಬರೂ ಕೆಲವು ವಾರ ಮನೆಯಲ್ಲಿರಲಿ, ಬಳಿಕ ಕೆಲಸಕ್ಕೆ ಬರಬಹುದು, ತೌಡಿನ ಕೋಣೆಗೆ ಒಂದು ಕಿಟಕಿ ಒಡೆಸಿರಿ ಎಂದಳು. ಮುಕ್ಕದ್ದಮ ಮೀಸೆ ತಿರುವಿ ಏನೋ ದೊಡ್ಡದು ಹೇಳಲು ಬಾಯಿ ತೆರೆದ. ಬಂದದ್ದು ಕೆಮ್ಮು. ಅದು ನಿಂತ ಮೇಲೆ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ: "ಸಿಸ್ಟರ್, ಅಂಥ ಡಬ್ಬಿ ಇನ್ನೊಂದು ಇರಬೇಕಲ್ಲರೀ?"

ಮೈಯಲ್ಲಿ ಕಸುವು ಬಂದ ಕೂಡಲೇ ತಾಯಪ್ಪ ಔಷಧಿ ಸಾಕೆಂದ. ಬಾಣಂತಿ ಪಕೀರಮ್ಮ ಕೂಸನ್ನು ಎದೆಗವಚಿಕೊಂಡು ದೂರ ಸರಿದಳು. "ಗುಳಿಗಿ ನುಂಗು, ಆಮ್ಯಾಲ ಕೂಸಿನ್ನ ಎತ್ತಿಕೋ." ವರ್ಷ ದಾಟುವ ತನಕ, ಡಾಕ್ಟರರೇ ಸಾಕು ಅನ್ನುವ ತನಕ ಹಂಪಯ್ಯನ ಹಾಗೆ ಅವನೂ ನುಂಗಿದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗಿರಣಿ ಓಣಿಯಲ್ಲಿ ತಿರುಗಿದ. ಎರಡು ಚೀಲ ಹೊತ್ತಾಗಲೂ ಅವನು ಅಷ್ಟು ಬಿಗುವಿನಿಂದ ನಡೆದಿರಲಿಲ್ಲ.

ಓದುವ ಅಣ್ಣಂದಿರೇ, ಕೂತು ಕೇಳುವ ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಎರಡು ಮೂರು ವಾರ ದಾಟಿದ ಕೆಮ್ಮು ಇದೆಯೇ? ಸಂಜೆ ಜ್ವರ, ಕರಗುವ ಮೈ ಇದೆಯೇ? ಧೂಳಿನ ಮೇಲೆ, ಬೀಡಿಯ ಮೇಲೆ ಹಾಕಿ ಸುಮ್ಮನಿರಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಕೊಡಿ. ದೂರದ ಯಂತ್ರಕ್ಕೆ ನಿಮ್ಮ ಮುಖ ಕಾಣುವುದಿಲ್ಲ, ಜಾತಿ ಕಾಣುವುದಿಲ್ಲ, ಜಂತು ಮಾತ್ರ ಕಾಣುತ್ತದೆ. ಕ್ಷಯ ಎಂದರೆ ಸವೆಯುವುದು. ಔಷಧಿ ಪೂರಾ ತೆಗೆದುಕೊಂಡರೆ ಸವೆಯುವುದು ರೋಗ, ನಡುವೆ ಬಿಟ್ಟರೆ ಸವೆಯುವುದು ನೀವು. ಕೊಡ ಎರವಲು ತನ್ನಿ, ಕೊಡೆ ಎರವಲು ತನ್ನಿ. ಕಫ ಮಾತ್ರ ನಿಮ್ಮದನ್ನೇ ಕೊಡಿ.