ಶನಿವಾರದ ಕಾವಲುಗಾತಿ

ನಮ್ಮ ಬೀದಿಯ ಹಿರಿಯರಾದ ಮಿಸ್ ಜೆನೀವಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನಾನು ಬಿಡಿಸಿದ ಕಾಮಿಕ್ ಚಿತ್ರಕಥೆಯನ್ನು ನೋಡಿದರು. ಅವರ ಇನ್ನೊಂದು ಕೈಯಲ್ಲಿ ಹಳೆಯ ಗೆಳತಿ ವಿಲ್ಲೋಡೀನ್ ಆಂಟಿಯ ಅರ್ಧ ಹೆಣೆದ ಜಡೆಯಿತ್ತು.

ಕ್ಯಾಲಿಫೋರ್ನಿಯಾದ ನಮ್ಮ ಈ ಬಂದರು ಊರಿನಲ್ಲಿ, ನಾವು ಕಪ್ಪು ಜನ ಇರುವ ಭಾಗದ ಗ್ರಂಥಾಲಯವನ್ನು ಶನಿವಾರ ಮುಚ್ಚಲು ನಗರಸಭೆ ಹೊರಟಿತ್ತು. ಶನಿವಾರವೂ ದುಡಿಯುವ ತಾಯಂದಿರ ಮಕ್ಕಳು ಇರುವುದೇ ಅಲ್ಲಿ. ಪದವಿ ಮುಗಿಸಿ ಕೆಲಸ ಸಿಗದ ನಾನು ಅವರಿಗೆ ಚಿತ್ರ ಬಿಡಿಸುವುದನ್ನು ಕಲಿಸುತ್ತೇನೆ. ನಾನು ಬಾಯಿ ಬಿಚ್ಚುವುದು ಆ ಮಕ್ಕಳೆದುರು ಮಾತ್ರ, ಉಳಿದದ್ದೆಲ್ಲ ದಿನಚರಿ ಪುಸ್ತಕಕ್ಕೆ. ಹಾಗಾಗಿ ಹೇಳಬೇಕಾದ್ದನ್ನು ಚಿತ್ರವಾಗಿಸಿದ್ದೆ: ಗ್ರಂಥಾಲಯದ ಬಾಗಿಲಲ್ಲಿ ಆಕಾಶದಿಂದ ಇಳಿಯುವ ಕಪ್ಪು ಹುಡುಗಿ, ಶನಿವಾರದ ಕಾವಲುಗಾತಿ.

"ಇವಳ್ಯಾಕೆ ಮುಖವಾಡ ಹಾಕ್ಕೊಂಡಿದಾಳೆ?"

"ಸೂಪರ್ ಹೀರೋ ಅಲ್ವಾ, ಮಿಸ್ ಜೆನೀವಾ. ಯಾರು ಅಂತ ಗೊತ್ತಾಗಬಾರದು."

"ಕಳ್ಳತನಕ್ಕೆ ಹೊರಟಿದಾಳಾ? ಚಳವಳಿ ಕಾಲದಲ್ಲಿ ನಾವು ಚರ್ಚಿನಲ್ಲಿ ಬಡ ಮಕ್ಕಳಿಗೆ ತಿಂಡಿ ಬಡಿಸ್ತಿದ್ದಾಗ, ನಮ್ಮ ಮೇಲೆ ಕಣ್ಣಿಡೋಕೆ ಪೊಲೀಸರು ಬಂದು ನಮ್ಮ ಫೋಟೋ ಹಿಡೀತಿದ್ರು. ನಾನು ಲಿಪ್‌ಸ್ಟಿಕ್ ಹಚ್ಕೊಂಡೇ ನಿಲ್ತಿದ್ದೆ. ತೆಗೀತೀಯಾ, ಚೆನ್ನಾಗಿ ತೆಗಿ ಅಂತ."

"ಸುಳ್ಳು," ಎಂದರು ವಿಲ್ಲೋಡೀನ್ ಆಂಟಿ. "ನೀನು ಲಿಪ್‌ಸ್ಟಿಕ್ ಹಚ್ತಿದ್ದದ್ದು ಮೊಟ್ಟೆ ತರ್ತಿದ್ನಲ್ಲ, ಆ ಎತ್ತರದ ಹುಡುಗನಿಗೋಸ್ಕರ."

"ತಲೆ ಅಲ್ಲಾಡಿಸ್ಬೇಡ, ಜಡೆ ಸೊಟ್ಟ ಆಗತ್ತೆ. ನೋಡು ರೋಶೆಲ್, ಜಗಳಕ್ಕೆ ಹೊರಟೋಳು ಕೂದ್ಲು ಬಿಟ್ಕೊಂಡು ಹೋಗ್ತಾಳಾ? ಅವ್ರಿಗೆ ಹಿಡಿದು ಎಳೆಯೋಕೆ ಸುಲಭ ಆಗ್ಲಿ ಅಂತಾನಾ? ಹೆಣೆದು ಕಟ್ಟು."

ಅಲ್ಲೇ ಕುಳಿತು ಮುಖವಾಡ ಅಳಿಸಿದೆ. ಅಗಲ ಮೂಗು, ದಪ್ಪ ತುಟಿ, ನೆತ್ತಿಗೆ ಅಂಟಿದ ಜಡೆಸಾಲುಗಳು ಬಂದವು.

"ಈಗ ಸರಿ. ಗ್ರಂಥಾಲಯದ ವಿಷಯಕ್ಕೆ ನಗರಸಭೆ ಕರೆದಿರೋ ಸಭೆಯಲ್ಲಿ ಇದನ್ನ ಹಿಡ್ಕೊಂಡು ನೀನೇ ಮಾತಾಡು."

"ನಾನಾ? ನೀವೇ ಮಾತಾಡಿ, ದಮ್ಮಯ್ಯ."

"ನಾನು ಎದ್ದು ನಿಂತ ತಕ್ಷಣ ಅವ್ರು ಗಡಿಯಾರ ನೋಡ್ತಾರೆ. ಆ ಮಕ್ಕಳ ಜೊತೆ ಕೂತಿರೋಳು ನೀನು."

ಸಭೆಯ ದಿನ ಮೈಕಿನ ಮುಂದೆ ನನ್ನ ಹೆಸರು ಹೇಳಿದೆ. ಮುಂದಿನದು ಹೊಳೆಯದೆ ಮತ್ತೊಮ್ಮೆ ಹೆಸರನ್ನೇ ಹೇಳಿದೆ.

"ನಿಧಾನ, ಮಗಳೇ, ನಿಧಾನ!" ಹಿಂದಿನ ಸಾಲಿನಿಂದ ವಿಲ್ಲೋಡೀನ್ ಆಂಟಿಯ ದನಿ. ನಮ್ಮ ಚರ್ಚಿನಲ್ಲಿ ಓದುತ್ತಾ ತಡವರಿಸುವ ಮಕ್ಕಳಿಗೆ ಧೈರ್ಯ ತುಂಬಲು ಎಲ್ಲರೂ ಹೀಗೆಯೇ ಕೂಗುತ್ತಾರೆ.

"ಶನಿವಾರ ನಮ್ಮ ತಾಯಂದಿರಿಗೆ ರಜೆ ಇಲ್ಲ," ಎಂದೆ.

"ಇಲ್ಲ!" ಎಂದವು ಹಿಂದಿನ ಸಾಲುಗಳು.

"ಬಾಗಿಲು ಮುಚ್ಚಿದ್ರೆ ಮಕ್ಕಳು ಎಲ್ಲಿಗೆ ಹೋಗ್ಬೇಕು?"

"ಕೇಳು, ಕೇಳು ಅವ್ರನ್ನ!"

ಅಧ್ಯಕ್ಷರು ಮರದ ಸುತ್ತಿಗೆಯಿಂದ ಮೇಜು ಬಡಿದರು. "ಈ ಹುಡುಗಿ ಮಾತಿಗೆ ಅಡ್ಡಿ ಮಾಡಬೇಡಿ. ಇನ್ನೊಂದ್ಸಲ ಕೂಗಿದ್ರೆ ಎಲ್ಲರನ್ನೂ ಹೊರಗೆ ಕಳಿಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು: "ಈಗ ಮಾತಾಡಮ್ಮ."

ನನಗೆ ಒಳ್ಳೆಯದಾಗಲೆಂದೇ ಅವರು ಹಾಗೆ ಮಾಡಿದ್ದು. ಹಿಂದೆ ಯಾರೂ ಉಸಿರೆತ್ತಲಿಲ್ಲ. ನನ್ನ ಮಾತೂ ನಿಂತಿತು. ಇಲ್ಲಿ ನಾನು ಸೋತರೆ ಶನಿವಾರ ಹೋಯಿತು, ಮಕ್ಕಳು ಬೀದಿಯಲ್ಲಿ. ಕೈಯಲ್ಲಿದ್ದ ಚಿತ್ರವನ್ನು ಅವರಿಗೆ ಕಾಣುವಂತೆ ಎತ್ತಿ ಹಿಡಿದೆ.

"ಅವ್ರು ಅಡ್ಡಿ ಮಾಡ್ತಿಲ್ಲ ಸರ್," ಎಂದೆ ಕೊನೆಗೆ. "ನನ್ನನ್ನ ಹಿಡ್ಕೊಂಡಿದಾರೆ. ಅವ್ರು ಸುಮ್ಮನಾದ್ರೆ ನಂಗೆ ಮಾತು ಬರಲ್ಲ. ದಯವಿಟ್ಟು ಕೂಗೋಕೆ ಬಿಡಿ."

ಯಾರೋ ನಕ್ಕರು. ಅಧ್ಯಕ್ಷರು ನನ್ನನ್ನೂ ಹಿಂದಿನ ಸಾಲುಗಳನ್ನೂ ನೋಡಿ ಸುತ್ತಿಗೆ ಕೆಳಗಿಟ್ಟರು. "ಆಯ್ತು. ಸ್ವಲ್ಪ ಮೆಲ್ಲಗೆ."

"ಮೆಲ್ಲಗೆ ಅಂತೆ!" ಎಂದರು ವಿಲ್ಲೋಡೀನ್ ಆಂಟಿ, ಮೆಲ್ಲಗೆ ಅಲ್ಲ.

ಆಮೇಲೆ ಒಂದೊಂದು ಮಾತಿಗೂ ಹಿಂದಿನಿಂದ ಒಂದೊಂದು ಹೂಂಗುಟ್ಟುವಿಕೆ. ಓದಲು ಬಾರದೆ ಬಂದು, ಚಿತ್ರಕಥೆಯ ಪಾತ್ರಗಳ ಮಾತಿನ ಗುಳ್ಳೆಗಳನ್ನು ಓದುತ್ತಲೇ ಓದು ಕಲಿತ ಪುಟ್ಟ ಜಮೈಯಾಳ ಬಗ್ಗೆ ಹೇಳಿದೆ. ಚಳಿಗಾಲದಲ್ಲಿ ಅಲ್ಲಿನ ಹೀಟರಿಗಾಗಿಯೇ ಬರುವ ಅಣ್ಣತಂಗಿಯರ ಬಗ್ಗೆ ಹೇಳಿದೆ. ದಿನಚರಿಗಷ್ಟೇ ಗೊತ್ತಿದ್ದದ್ದು ಅಷ್ಟೂ ಜನರ ಮುಂದೆ ಹೊರಬಂತು.

ಶನಿವಾರ ಮಧ್ಯಾಹ್ನದವರೆಗೆ ಗ್ರಂಥಾಲಯ ತೆರೆದಿರಲಿ ಎಂದು ತೀರ್ಮಾನವಾಯಿತು.

"ಅರ್ಧ ದಿನ ಅಷ್ಟೇ," ಎಂದೆ ಬಸ್ಸಿನಲ್ಲಿ, ಸಪ್ಪಗೆ.

"ಬೆಳಿಗ್ಗೆ ಅದೂ ಇರ್ಲಿಲ್ಲ," ಎಂದರು ಮಿಸ್ ಜೆನೀವಾ. "ಇನ್ನರ್ಧಕ್ಕೆ ಮುಂದಿನ ಸಭೆಗೆ ಹೋಗೋಣ."

"ನಾನೂ ಬರ್ತೀನಿ."

"ಏನಂದೆ? ಕೇಳಿಸ್ಲಿಲ್ಲ," ಎಂದು ವಿಲ್ಲೋಡೀನ್ ಆಂಟಿ ಬೇಕೆಂದೇ ಕಿವಿಗೆ ಕೈಯಿಟ್ಟರು.

"ನಾನೂ ಬರ್ತೀನಿ ಅಂದೆ!"

ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ. "ನಂಗೂ ಕೇಳಿಸ್ತು, ತಂಗೀ."