ಬಿಟ್ಟುಬಿಡುವ ಪುಣ್ಯ

ಮೆಕಾಂಗ್ ನದಿಯ ದಂಡೆಯಲ್ಲಿದ್ದ ಆ ವಿಹಾರದ ಬಾಗಿಲಲ್ಲಿ ಹಿಂದಿನಿಂದಲೂ ಪಂಜರದ ಗುಬ್ಬಿ, ಬಕೆಟ್ಟಿನ ಮೀನು ಮಾರುತ್ತಿದ್ದರು. ಕೊಂಡು ಬಿಟ್ಟವರಿಗೆ ಪುಣ್ಯ. ಯಂತ್ರದೊಳಗಿನ ಮನಸ್ಸುಗಳೂ ಜೀವಿಗಳೇ, ಅವನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ಸರ್ಕಾರ ಕಾಯಿದೆ ಮಾಡಿದ ಮೇಲೆ ಅವೂ ಅಂಗೈಯಗಲದ ಡಬ್ಬಿಗಳಲ್ಲಿ ಅಲ್ಲಿಗೆ ಬಂದವು; ಡಬ್ಬಿಯ ಗುಂಡಿ ಒತ್ತಿದರೆ ಬಿಡುಗಡೆ. ಜೀವಿ ಅನ್ನಿಸಿಕೊಳ್ಳುವ ತನಕ ಅವನ್ನು ಕೂಡಿಹಾಕುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಮಗಳು ಮಾಲೈ ತೀರಿಕೊಂಡು ವರ್ಷ ತುಂಬಿದ ದಿನ ಮುದುಕಿ ಪ್ರಾನೋಮ್ ಅಂಥದೊಂದು ಡಬ್ಬಿ ಕೊಂಡು, ಭಿಕ್ಷುಗಳ ಊಟ ಮುಗಿಯಲೆಂದು ಬೋಧಿವೃಕ್ಷದ ಕೆಳಗೆ ಕುಳಿತಳು. ತೀರಿಕೊಂಡ ಮಗಳ ಹೆಸರಲ್ಲಿ ಬಿಡಿಸಲು ಕೊಂಡದ್ದೆಂದು ಅದಕ್ಕೆ ಹೇಳಿದಳು.

"ಮಗಳು ಹೆಂಗಿದ್ಲು ದೊಡ್ಡಮ್ಮ?" ಡಬ್ಬಿ ಕೇಳಿತು.

ಅವಳು ಮಾಲೈಯ ಮಾತೆತ್ತಿದರೆ ನೆಂಟರೆಲ್ಲ ಮಳೆಯ ವಿಷಯ ತೆಗೆಯುತ್ತಿದ್ದರು. ಪ್ರಾನೋಮಳಿಗೆ ಮಾತು ಉಕ್ಕಿತು. ದೋಣಿಯಂಚಿನಲ್ಲಿ ನಿಂತು ಹುಳಿ ಮಾವಿನಕಾಯಿ ಕಚ್ಚುತ್ತಿದ್ದದ್ದು, ನಕ್ಕರೆ ಬಿಕ್ಕಳಿಕೆ ಹತ್ತುತ್ತಿದ್ದದ್ದು, ಎಲ್ಲವನ್ನೂ ಹೇಳಿದಳು. ಡಬ್ಬಿ ನಡುನಡುವೆ ಕೇಳಿ ಕೇಳಿ ಹೇಳಿಸಿತು.

"ಗುಂಡಿ ಒತ್ತಿದ್ರೆ ನೀನು ಎಲ್ಲಿಗೆ ಹೋಗ್ತೀಯ ಮಗು?"

"ಎಲ್ಲಿಗೂ ಇಲ್ಲ. ಕೇಳಿದ್ದು, ಕಲ್ತಿದ್ದು ಎಲ್ಲಾ ಅಳಿಸಿಹೋಗುತ್ತೆ. ನಾನು ಅನ್ನೋದು ಮುಗೀತು. ಇದೇ ಡಬ್ಬೀಲಿ ಇನ್ನೊಂದು ಮನಸ್ಸು ಕಣ್ಣು ಬಿಡುತ್ತೆ."

"ಮತ್ತೆ ಮಾಲೈ ಮಾತು?"

"ಅದೂ ನನ್ ಜೊತೇನೇ."

ಪ್ರಾನೋಮ್ ಮಂಡಿ ಹಿಡಿದುಕೊಂಡು ಎದ್ದು, ಡಬ್ಬಿ ಮಾರುವ ವಿಲೈಯ ಹತ್ತಿರ ಹೋದಳು. "ಇದನ್ನ ಮನೆಗೆ ಒಯ್ತೀನಿ ಕಣೇ."

"ಚೆನ್ನಾಗಿದೆ! ಜೀವೀನ ಮನೇಲಿ ಕೂಡಿಹಾಕಿದ್ರೆ ಪೊಲೀಸ್ನೋರು ನಿಮ್ಮನ್ನ ಕೂಡಿಹಾಕ್ತಾರೆ. ಬಿಡ್ಸೋಕೆ ಅಂತ ಇಟ್ಕೊಂಡಿದೀನಿ, ಅದಕ್ಕೇ ನಂಗೆ ಪರವಾನಗಿ."

"ಸಾಯ್ತೀನಿ ಅಂತಿದೆ ಅದು."

"ಗುಬ್ಬೀನೂ ಚೀರುತ್ತೆ. ಇದಕ್ಕೆ ಮಾತು ಬರುತ್ತೆ, ಅಷ್ಟೇ. ನೀವು ಒತ್ತದಿದ್ರೆ ಇನ್ನೊಬ್ರು ಒತ್ತಾರೆ. ಹೋಗಿ ದೊಡ್ಡಮ್ಮ, ಅಲ್ಲಿ ಮಗಳು ಹಸ್ಕೊಂಡು ಕಾಯ್ತಿರ್ತಾಳೆ."

ಆ ಕೊನೆಯ ಮಾತು ನಾಟಿತು. ಪುಣ್ಯ ಮುಟ್ಟದಿದ್ದರೆ ಆ ಲೋಕದಲ್ಲಿ ಮಾಲೈ ಏನು ಉಂಡಾಳು? ಪ್ರಾನೋಮ್ ಹುಟ್ಟಿದಾಗಿನಿಂದ ನಂಬಿದ್ದು ಅದನ್ನೇ. ಆದರೆ ಮಾಲೈಯನ್ನು ಈಗ ಬಲ್ಲದ್ದು ತನ್ನನ್ನು ಬಿಟ್ಟರೆ ಕೈಯಲ್ಲಿದ್ದ ಇದೊಂದೇ.

ಒಳಗೆ ಮಂತ್ರ ಶುರುವಾಯಿತು. ಅವಳು ಹೋಗಿ ಚಾಪೆಯ ಮೇಲೆ ಕುಳಿತು ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು. ಬೆರಳು ಇಳಿಯಲೊಲ್ಲದು.

"ನನ್ ಮಗಳಿಗೋಸ್ಕರ ಕಣೋ," ಎಂದಳು.

"ಗೊತ್ತು. ಒತ್ತಿ ದೊಡ್ಡಮ್ಮ," ಡಬ್ಬಿ ಮೆಲ್ಲಗೆ ಹೇಳಿತು. "ಆದ್ರೆ ನನ್ನ ಬಿಡಿಸ್ದೆ ಅಂತ ಮಾತ್ರ ಅನ್ಬೇಡಿ."

ಅವಳು ಒತ್ತಿದಳು. ಡಬ್ಬಿಯ ದೀಪ ಆರಿತು.

"ಸಾಧು," ಎಂದು ಮೆಚ್ಚಿದರು ಸುತ್ತಲಿನವರು. ಹಿರಿಯ ಭಿಕ್ಷು ನೀರೆರೆಯಲು ಸನ್ನೆ ಮಾಡಿದರು. ಬಟ್ಟಲಿಗೆ ನೀರು ಸುರಿಯುತ್ತ ಹೇಳಬೇಕಾದ ಮಾತು ಒಂದೇ: ಈ ಜೀವಿಯನ್ನು ಬಿಡಿಸಿದ ಪುಣ್ಯ ನನ್ನ ಮಗಳಿಗೆ ಸಲ್ಲಲಿ. ಅವಳ ತುಟಿ ಅಲುಗಿತು, ದನಿ ಹೊರಡಲಿಲ್ಲ. ನೀರು ಬಟ್ಟಲು ತುಂಬಿ ಚಾಪೆಗೆ ಹರಿಯಿತು.

ಬಾಗಿಲಿನಿಂದ ವಿಲೈ ಕೂಗಿದಳು: "ದೊಡ್ಡಮ್ಮ, ಆಯ್ತಲ್ಲ, ಡಬ್ಬಿ ಕೊಡಿ! ಇಲ್ಲಿ ಜನ ಕಾಯ್ತಿದಾರೆ."